ಅವ್ವನ ಬೋರಮಾಳ, ಕಾಕಾನ ಮಗನ ಬಿಟ್‌ಕಾಯಿನ್

ನಿನ್ನೆ ಸಂಜೆ ಅವ್ವನ ಜೊತೆ ಕಲಬುರಗಿಯ ಸರಾಫ್ ಬಜಾರಿಗೆ ಹೋಗಿದ್ದೆ. ಅವಳ ಬೋರಮಾಳದ, ಅಂದರೆ ಚಿನ್ನದ ಗುಂಡುಗಳ ಸರದ, ದಾರ ಸವೆದಿತ್ತು, ಹೊಸದಾಗಿ ಪೋಣಿಸಬೇಕಿತ್ತು. ಅಂಗಡಿಯವರು ಗುಂಡುಗಳನ್ನು ಕೆಂಪು ಬಟ್ಟೆಯ ಮೇಲೆ ಹರಡಿ ಒಂದೊಂದಾಗಿ ಎಣಿಸಿದರು. ಅವ್ವನೂ ತುಟಿ ಅಲ್ಲಾಡಿಸುತ್ತಾ ಜೊತೆಗೇ ಎಣಿಸಿದಳು.

ಸುಮ್ನೆ ನೋಡುತ್ತಾ ನಿಂತಿದ್ದಾಗ ಕಾಕಾನ ಮಗ ನೆನಪಾದ. 2021ರ ನವೆಂಬರಿನಲ್ಲಿ, ಕೂಡಿಟ್ಟಿದ್ದ ತೊಗರಿ ಮಾರಿದ ದುಡ್ಡನ್ನೆಲ್ಲ ಬಿಟ್‌ಕಾಯಿನ್ ಅನ್ನೋ ಡಿಜಿಟಲ್ ನಾಣ್ಯಕ್ಕೆ ಹಾಕಿದ್ದ. ಆಗ ಒಂದರ ಬೆಲೆ 60 ಸಾವಿರ ಡಾಲರ್ ದಾಟಿತ್ತು. ವರ್ಷ ತುಂಬುವಷ್ಟರಲ್ಲಿ 16 ಸಾವಿರದ ಆಸುಪಾಸಿಗೆ ಇಳಿಯಿತು. ತಂಗಿಯ ಮದುವೆ ಎದುರಿಗಿತ್ತು, ಮಾರಲೇಬೇಕಾಯಿತು. ಆಮೇಲೆ ಬೆಲೆ ಮತ್ತೆ ಏರಿತು, ನಿಜ. ಆದರೆ ಮದುವೆ ಅಲ್ಲಿವರೆಗೂ ಕಾಯುತ್ತಾ?

ಬಿಟ್‌ಕಾಯಿನ್ 2.1 ಕೋಟಿಗಿಂತ ಜಾಸ್ತಿ ಬರುವುದೇ ಇಲ್ಲ, ಅದಕ್ಕೇ ಅದು ಚಿನ್ನದ ಹಾಗೆ ಅಂತ ಅವನು ಹೇಳುತ್ತಿದ್ದ. ಮಿತಿಯ ಮಾತು ಸುಳ್ಳಲ್ಲ. 2022ರಿಂದ ಲಾಭದ ಮೇಲೆ 30% ತೆರಿಗೆ ಬಂತು, ಅದನ್ನೂ ಅವನು ಲೆಕ್ಕ ಹಾಕಿದ್ದ.

ನನಗೆ ನೋವಾಗಿದ್ದು ಬೇರೆ ವಿಷಯಕ್ಕೆ. ಅವ್ವನ ಬೋರಮಾಳ ಎಲ್ಲಿದೆ, ಎಷ್ಟು ತೊಲೆ ಇದೆ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಷ್ಟ ಬಂದಾಗ ಎಲ್ಲರೂ ಕೂತು ಮಾತಾಡಿ ಅಡವಿಟ್ಟಿದ್ದೇವೆ, ಬಿಡಿಸಿದ್ದೇವೆ. ಅವನ ದುಡ್ಡು ಮಾತ್ರ ಅವನ ಫೋನಿನಲ್ಲಿತ್ತು. ಹೆಂಡತಿಗೂ ಗೊತ್ತಿರಲಿಲ್ಲ. ಇಳಿದ ಬೆಲೆಯನ್ನು ರಾತ್ರಿಯೆಲ್ಲ ಒಬ್ಬನೇ ನೋಡುತ್ತಾ ಕೂತಿರುತ್ತಿದ್ದನಂತೆ. ಒಂದು ಮಾತು ಹೇಳಿದ್ದರೆ ನಾವು ಜೊತೆಗಿರುತ್ತಿದ್ದೆವು, ಅಲ್ವಾ?

ಸರ ಸಿದ್ಧವಾಯಿತು. ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿ, "ಗುಂಡು ಎಷ್ಟಿವೆ ನೀನೂ ನೆನಪಿಟ್ಕೋ" ಅಂದಳು.