ತಿರುಗಿ ಹೇಳು

ಕಾಶಿ ಯಾತ್ರೆ ಮುಗಿಸಿ ನಮ್ಮವ್ವನನ್ನು ವಿಮಾನದಲ್ಲಿ ಬೆಂಗಳೂರಿಗೆ ಕರೆದುಕೊಂಡು ಬರುತ್ತಿದ್ದೆ. ಅವಳಿಗೆ ಎಪ್ಪತ್ತೆರಡು ವರ್ಷ. ಹೋಗುವಾಗ ಕಿಟಕಿಗೆ ಮುಖ ಹಚ್ಚಿ ಕೂತವಳು ಬರುವಾಗ ನನ್ನ ಕೈ ಬಿಡಲಿಲ್ಲ. ಬೆಂಗಳೂರು ಹತ್ತಿರ ಬಂತು ಅಂದರು, ಆದರೆ ವಿಮಾನ ಇಳಿಯಲೇ ಇಲ್ಲ. ಒಂದು ಸುತ್ತು ಹೊಡೆಯಿತು, ಮತ್ತೆ ಇನ್ನೊಂದು ಸುತ್ತು. ಅರ್ಧ ಗಂಟೆ ಹೀಗೇ ಆಯಿತು. ಕೊನೆಗೆ ಇಳಿಯತೊಡಗಿತು. ಚಕ್ರ ಹೊರಗೆ ಬಂದ ಸದ್ದು ಕೇಳಿತು, ರಸ್ತೆಯ ದೀಪ ಕಂಡವು. ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಎಂಜಿನ್ ಜೋರಾಗಿ ಮೊರೆದು ವಿಮಾನ ಮತ್ತೆ ಮೇಲಕ್ಕೆದ್ದಿತು. ಅವ್ವ "ಶಿವ ಶಿವಾ" ಅಂದಳು. ಅವಳ ಬಳೆ ಒತ್ತಿ ನನ್ನ ಮುಂಗೈ ಮೇಲೆ ಕೆಂಪು ಗುರುತು ಬಿದ್ದಿತ್ತು.

ಆಮೇಲೆ ಸುಖವಾಗಿಯೇ ಇಳಿದೆವು. ಆದರೆ ಬಸ್ಸಿನಲ್ಲಿ ದಾವಣಗೆರೆ ಮುಟ್ಟುವವರೆಗೆ ಅವ್ವ ಆಡಿದ್ದು ಒಂದೇ ಮಾತು: "ಇನ್ನ ನನ್ನ ಅದರಾಗ ಹತ್ತಿಸಬ್ಯಾಡ."

ನನಗೂ ಸಿಟ್ಟು ಬಂದಿತ್ತು. ವಯಸ್ಸಾದವರನ್ನು ಹೀಗೆ ಗಾಳಿಯಲ್ಲಿ ಸುತ್ತಿಸುವುದಾ ಅಂತ. ಆ ಸಿಟ್ಟನ್ನು ದೀಪಾವಳಿಗೆ ಬಂದ ಅಕ್ಕನ ಮಗಳ ಮುಂದೆ ತೀರಿಸಿಕೊಂಡೆ. ಅವಳು ಏರ್ ಟ್ರಾಫಿಕ್ ಕಂಟ್ರೋಲರ್, ಅಂದರೆ ಯಾವ ವಿಮಾನ ಎಷ್ಟು ಎತ್ತರದಲ್ಲಿರಬೇಕು, ಯಾವಾಗ ಇಳಿಯಬೇಕು ಅಂತ ಪೈಲಟ್‌ಗಳಿಗೆ ಹೇಳುವವಳು. ದೊಡ್ಡ ವಿಮಾನ ನಿಲ್ದಾಣವೊಂದರ ರಾಡಾರ್ ಕೋಣೆಯಲ್ಲಿ ಕೆಲಸ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವಳು ಮೆಲ್ಲಗೆ ಅಂದಳು: "ಮಾವ, ನಿಮ್ಮನ್ನ ಸುತ್ತಿಸಿದ್ದು ನನ್ನಂಥವರೇ."

ಎದ್ದು ಅಡುಗೆಮನೆಗೆ ಹೋಗಿ ಅವ್ವನ ಹಳೇ ಟಿಫಿನ್ ಕ್ಯಾರಿಯರ್ ತಂದಳು. ನಾಲ್ಕು ಡಬ್ಬಿಯದು. ಅಪ್ಪ ಮಿಲ್ಲಿಗೆ ಊಟ ಒಯ್ಯುತ್ತಿದ್ದುದು. ಅದನ್ನು ನೆಲದ ಮೇಲಿಟ್ಟು ಮೇಲಿನ ಡಬ್ಬಿಯ ಮುಚ್ಚಳ ತಟ್ಟಿದಳು. "ಅಜ್ಜಿ, ಒಂದೊಂದು ಡಬ್ಬಿನೂ ಒಂದು ವಿಮಾನ ಅನ್ಕೋ. ಒಂದರ ಮೇಲೊಂದು ಸುತ್ತುತಾ ಇವೆ. ನಡುವೆ 1000 ಅಡಿ ಅಂತರ ಇರಲೇಬೇಕು." ಕೆಳಗಿನ ಡಬ್ಬಿ ಎಳೆದು ಪಕ್ಕಕ್ಕಿಟ್ಟಳು. "ಇದಕ್ಕೆ ಇಳಿಯೋಕೆ ಜಾಗ ಸಿಕ್ತು, ಹೋಯ್ತು. ಅದು ಖಾಲಿ ಮಾಡಿದ ಎತ್ತರಕ್ಕೆ ಮೇಲಿನದು ಬರಬೇಕು. ಅದರ ಜಾಗಕ್ಕೆ ಅದರ ಮೇಲಿನದು. ನೀನು ಬಹುಶಃ ಎಲ್ಲಕ್ಕಿಂತ ಮೇಲಿನ ಡಬ್ಬೀಲಿದ್ದೆ."

"ಮತ್ತೆ ನೆಲದ ತನಕ ಬಂದು ಮ್ಯಾಲೆ ಹೋಗಿದ್ದು?"

"ಮುಂದೆ ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟಿರಲಿಲ್ಲ ಅನ್ಸುತ್ತೆ. ಅಂಥ ಹೊತ್ತಲ್ಲಿ ಮೇಲೆ ಹೋಗೋದೇ ಸರಿ. ಪೈಲಟ್‌ಗಳಿಗೆ ಅದನ್ನ ಕಲಿಸೇ ಇರ್ತಾರೆ."

ಆಮೇಲೆ ಲೆಕ್ಕ ಹೇಳಿದಳು. ಕೇಳಿ ನಾನು ಮಂಡಕ್ಕಿ ತಿನ್ನುವುದು ಮರೆತೆ. ನಿಲ್ದಾಣದ ಹತ್ತಿರ ಒಂದೇ ಎತ್ತರದಲ್ಲಿ ಬರುವ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಐದೂವರೆ ಕಿಲೋಮೀಟರ್ ಬಿಡುತ್ತಾರಂತೆ. ನಮಗೆ ಅದು ಬೇಕಾದಷ್ಟು ಅನ್ನಿಸುತ್ತದೆ, ಅಲ್ವಾ? ಆದರೆ ಇಳಿಯುವಾಗಿನ ವೇಗದಲ್ಲಿ ಅಷ್ಟು ದೂರ ದಾಟಲು ಒಂದೂವರೆ ನಿಮಿಷವೂ ಬೇಡ. ಮೇಲೆ, ದೂರದ ದಾರಿಯಲ್ಲಿ ಆ ಅಂತರ ಒಂಬತ್ತು ಕಿಲೋಮೀಟರಿಗಿಂತ ತುಸು ಜಾಸ್ತಿ. ಎರಡು ವಿಮಾನ ಎದುರುಬದುರಾಗಿ ಪೂರ್ತಿ ವೇಗದಲ್ಲಿ ಬಂದರೆ ಅದು ಇಪ್ಪತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಕಣ್ಣಲ್ಲಿ ನೋಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಹಾಗಾಗಿಯೇ ಪೂರ್ವಕ್ಕೆ ಹೋಗುವವಕ್ಕೆ ಒಂದು ಎತ್ತರ, ಪಶ್ಚಿಮಕ್ಕೆ ಹೋಗುವವಕ್ಕೆ ಇನ್ನೊಂದು ಎತ್ತರ.

ಅವ್ವ ಇಷ್ಟೂ ಹೊತ್ತು ಬಿಡಿಸಿಟ್ಟ ಡಬ್ಬಿಯನ್ನೇ ನೋಡುತ್ತಿದ್ದಳು. ಮೂರನೇ ಕ್ಲಾಸು ಓದಿದವಳು. ಅವಳು ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

"ನೀ ಇಲ್ಲಿ ಕೂತು ಇಷ್ಟು ಎತ್ತರಕ್ಕ ಇಳಿ ಅಂತಿ. ಅವ ಸರಿಯಾಗಿ ಕೇಳಿಸ್ಕಂಡ ಅಂತ ನಿನಗೆಂಗ ಗೊತ್ತವ್ವ?"

ಮೊಮ್ಮಗಳು ಅಜ್ಜಿಯ ಕೈ ಹಿಡಿದುಕೊಂಡಳು. "ನಮ್ಮ ಕೆಲಸ ಇರೋದೇ ಅಲ್ಲಿ, ಅಜ್ಜಿ. ನಾನು ಹೇಳಿದ್ದನ್ನ ಪೈಲಟ್ ತಿರುಗಿ ಹೇಳಬೇಕು, ಅಂಕಿ ಸಮೇತ. ಬರೀ 'ಆಯ್ತು' ಅಂದ್ರೆ ನಡೆಯಲ್ಲ. ಅವನು ತಿರುಗಿ ಹೇಳಿದ್ದನ್ನ ನಾನು ಕಿವಿಗೊಟ್ಟು ಕೇಳಬೇಕು. ಒಂದು ಸಲ ನಾನು ಹೇಳಿದ್ದೇ ಬೇರೆ, ಆ ಕಡೆಯಿಂದ ಬಂದ ಅಂಕಿನೇ ಬೇರೆ. ಐದಾರು ಜನ ಒಂದೇ ಸಮ ಮಾತಾಡ್ತಿದ್ದ ಹೊತ್ತು. ಇನ್ನೊಬ್ಬರಿಗೆ ಉತ್ತರ ಕೊಡೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಕಿವಿಗೆ ಏನೋ ಚುಚ್ಚಿದ ಹಾಗಾಯ್ತು. ತಕ್ಷಣ ಸರಿ ಮಾಡಿದೆ, ಅವರೂ ಒಪ್ಪಿದ್ರು. ಏನೂ ಆಗಲಿಲ್ಲ. ಆದ್ರೆ ಅವತ್ತು ರೂಮಿಗೆ ಹೋದ ಮೇಲೆ ಊಟ ಸೇರಲಿಲ್ಲ."

ಅವಳು ಅದನ್ನು ನಮಗೆ ಯಾರಿಗೂ ಹೇಳಿರಲಿಲ್ಲ. ಅಕ್ಕ ಅವಳನ್ನೇ ನೋಡುತ್ತಾ ಕೂತಳು.

ನನಗೆ 1996ರ ನವೆಂಬರ್ ನೆನಪಾಯಿತು, ಅದನ್ನು ಎಲ್ಲರಿಗೂ ಹೇಳಿದೆ. ಆಗ ನಾನು ಪಿಯುಸಿ. ದೋಸೆ ಹೋಟೆಲ್ಲಿನಲ್ಲಿ ಕೂತು ಪೇಪರಿನ ಮೊದಲ ಪುಟ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತಿದ್ದರು. ಒಬ್ಬರೂ ಉಳಿಯಲಿಲ್ಲ. ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೆ 14 ಸಾವಿರ ಅಡಿ, ಇಳಿಯಲು ಬರುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15 ಸಾವಿರ ಅಡಿ ಅಂತ ಕಂಟ್ರೋಲರ್ ಸರಿಯಾಗಿಯೇ ಹೇಳಿದ್ದರು. ಎರಡನೆಯದು ಹೇಳಿದ್ದಕ್ಕಿಂತ ಕೆಳಗಿಳಿಯಿತು. ಆಗ ಬರುವವರಿಗೂ ಹೋಗುವವರಿಗೂ ಅದೊಂದೇ ದಾರಿ. ಆಮೇಲೆ ದೆಹಲಿಯಲ್ಲಿ ದಾರಿ ಬೇರೆ ಬೇರೆ ಮಾಡಿದರು. ಡಿಕ್ಕಿ ತಪ್ಪಿಸುವ ಟಿಸಿಎಎಸ್ ಅನ್ನುವ ಯಂತ್ರ ನಮ್ಮ ದೇಶದಲ್ಲಿ ಕಡ್ಡಾಯವಾಯಿತು. ಅಷ್ಟು ಜನ ಹೋದ ಮೇಲೆ.

"ಆ ಯಂತ್ರ ಏನು ಮಾಡ್ತದೆ?" ಅಂತ ಅಕ್ಕ ಕೇಳಿದಳು.

ಎರಡೂ ವಿಮಾನದ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದಕ್ಕೆ ಮೇಲೇರು, ಇನ್ನೊಂದಕ್ಕೆ ಇಳಿ ಅನ್ನುತ್ತವಂತೆ. ಆಗ ಕಂಟ್ರೋಲರ್ ಬೇರೆ ಏನೇ ಹೇಳಿದರೂ ಪೈಲಟ್ ಯಂತ್ರದ ಮಾತನ್ನೇ ಕೇಳಬೇಕು. ಈ ನಿಯಮ ಗಟ್ಟಿಯಾಗಿದ್ದು 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗನ್ ಮೇಲಾದ ಡಿಕ್ಕಿಯ ನಂತರ. ಅಲ್ಲಿ ರಷ್ಯಾದ ವಿಮಾನಕ್ಕೆ ಯಂತ್ರ ಮೇಲೇರು ಅಂದಿತ್ತು, ಕಂಟ್ರೋಲರ್ ಇಳಿ ಅಂದಿದ್ದರು. ರಷ್ಯಾದ ಪೈಲಟ್‌ಗಳು ಇಳಿದರು. ಇನ್ನೊಂದು ವಿಮಾನವೂ ತನ್ನ ಯಂತ್ರ ಹೇಳಿದಂತೆ ಇಳಿಯುತ್ತಿತ್ತು. 71 ಜನ ಹೋದರು, ಅದರಲ್ಲಿ ರಜೆಗೆ ಹೊರಟ ಶಾಲಾ ಮಕ್ಕಳೇ ಜಾಸ್ತಿ. ಆ ರಾತ್ರಿ ಕಂಟ್ರೋಲರ್ ಒಬ್ಬರೇ ಎರಡು ಮೇಜು ನೋಡಿಕೊಳ್ಳುತ್ತಿದ್ದರು. ಜೊತೆಯವರು ವಿಶ್ರಾಂತಿಗೆ ಹೋಗಿದ್ದರು.

"ಒಬ್ಬರೇ" ಅಂತ ಅಕ್ಕನ ಮಗಳು ಇನ್ನೊಂದು ಸಲ ಹೇಳಿದಳು.

ಅಂಥ ಕೋಣೆಯಲ್ಲಿ ಸಾಕಷ್ಟು ಜನ ಇರಬೇಕು, ಅವರಿಗೆ ಸರಿಯಾಗಿ ನಿದ್ದೆ, ಬಿಡುವು ಸಿಗಬೇಕು ಅಂತ ನನಗೆ ಅವತ್ತು ತುಂಬಾ ಅನ್ನಿಸಿತು. ನಾವು ಟಿಕೆಟ್ ಬೆಲೆ ನೋಡುತ್ತೇವೆ, ಎಷ್ಟು ತಡವಾಯಿತು ಅಂತ ಬೈಯುತ್ತೇವೆ. ಕತ್ತಲ ಕೋಣೆಯಲ್ಲಿ ಅಂಕಿ ನೋಡುತ್ತಾ ಕೂತ ಈ ಹುಡುಗಿಯ ಬಗ್ಗೆ ನಾನು, ಅವಳ ಸೋದರಮಾವನೇ, ಒಂದು ದಿನವೂ ಕೇಳಿರಲಿಲ್ಲ.

ಅವ್ವ ಡಬ್ಬಿಗಳನ್ನು ಒಂದೊಂದಾಗಿ ಜೋಡಿಸಿ, ಕ್ಯಾರಿಯರ್ ಹಿಡಿ ಬಿಗಿ ಮಾಡಿ ಪಕ್ಕಕ್ಕಿಟ್ಟಳು.

ಮರುದಿನ ರಾತ್ರಿ ಅದೇ ಕ್ಯಾರಿಯರ್‌ನಲ್ಲಿ ರೊಟ್ಟಿ, ಎಣ್ಣೆಗಾಯಿ, ಕಡುಬು ತುಂಬಿಕೊಂಡು ಮೊಮ್ಮಗಳನ್ನು ಬಸ್ ಹತ್ತಿಸಲು ನಾವೆಲ್ಲ ಹೋದೆವು. ಡ್ರೈವರ್ ಹಾರ್ನ್ ಮಾಡಿದ. ಅವ್ವ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದಳು: "ಹೊತ್ತಿಗೆ ಸರಿಯಾಗಿ ಉಣ್ಣು. ಮುಟ್ಟಿದ ಕೂಡಲೇ ಫೋನ್ ಮಾಡು."

"ಆಯ್ತಜ್ಜಿ."

"ಆಯ್ತು ಅಂದ್ರ ನಡೆಯಂಗಿಲ್ಲ. ತಿರುಗಿ ಹೇಳು."

"ಹೊತ್ತಿಗೆ ಸರಿಯಾಗಿ ಉಣ್ತೀನಿ. ಮುಟ್ಟಿದ ಕೂಡಲೇ ಫೋನ್ ಮಾಡ್ತೀನಿ."

ಅವ್ವ ಸರಳು ಬಿಟ್ಟಳು.