ಹಸಿರು ದೀಪ ಉರೀತಿದ್ರೆ ಟೈಮ್ ಸರಿ ಇದೆ ಅಂತಲ್ವಾ?

ವಸಂತನರಸಾಪುರದ ಕಾರ್ಖಾನೆ ಇರಲಿ, ಪಾವಗಡದ ಸೋಲಾರ್ ಪಾರ್ಕ್‌ನ ಸಬ್‌ಸ್ಟೇಷನ್ ಇರಲಿ, ಉಪಗ್ರಹದಿಂದ ಟೈಮ್ ಪಡೆದು ಉಳಿದ ಯಂತ್ರಗಳಿಗೆ ಹಂಚುವ ಜಿಪಿಎಸ್ ಟೈಮ್ ಸರ್ವರ್ ಪೆಟ್ಟಿಗೆ ನೋಡಲು ಹೋದಾಗ ಈ ಪ್ರಶ್ನೆ ತಪ್ಪುವುದೇ ಇಲ್ಲ. "ಸಾರ್, ಹಸಿರು ದೀಪ ಉರೀತಾನೇ ಇದೆಯಲ್ಲ, ಮತ್ತೇನು ತೊಂದರೆ?"

ಯಾವ ಹಸಿರು ದೀಪ ಅಂತ ಮೊದಲು ನೋಡಬೇಕು. ಪವರ್ ದೀಪ ಉರಿದರೆ ಪೆಟ್ಟಿಗೆಗೆ ಕರೆಂಟ್ ಬರುತ್ತಿದೆ, ಅಷ್ಟೇ. ಆರ್‌ಜೆ45 ಪೋರ್ಟ್‌ನ ಲಿಂಕ್ ದೀಪ ಉರಿದರೆ ನೆಟ್‌ವರ್ಕ್ ಸ್ವಿಚ್ ಜತೆ ಸಂಪರ್ಕ ಇದೆ, ಅಷ್ಟೇ. ಸೆಕೆಂಡಿಗೊಮ್ಮೆ ಮಿನುಗುವ ಪಿಪಿಎಸ್ ದೀಪವನ್ನೂ ಪೂರ್ತಿ ನಂಬಬೇಡಿ. ಉಪಗ್ರಹದ ಸಿಗ್ನಲ್ ಹೋದ ಮೇಲೂ ಎಷ್ಟೋ ಪೆಟ್ಟಿಗೆಗಳಲ್ಲಿ ಅದು ಒಳಗಿನ ಆಸಿಲೇಟರ್ (ಪೆಟ್ಟಿಗೆಯ ಸ್ವಂತ ಗಡಿಯಾರ) ಬಲದಲ್ಲಿ ಮಿನುಗುತ್ತಲೇ ಇರುತ್ತದೆ.

ನೋಡಬೇಕಾದದ್ದು ಲಾಕ್ ದೀಪ, ಅಂದರೆ ಪೆಟ್ಟಿಗೆ ಉಪಗ್ರಹದ ಟೈಮ್ ಹಿಡಿದುಕೊಂಡಿದೆಯೇ ಅಂತ ಹೇಳುವ ದೀಪ. ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಅದಕ್ಕೇ ಮ್ಯಾನ್ಯುಯಲ್‌ನ ಆ ಪುಟವನ್ನು ಜೆರಾಕ್ಸ್ ಮಾಡಿ ಪ್ಯಾನಲ್ ಬಾಗಿಲ ಒಳಗೆ ಅಂಟಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ಹಳದಿ ಅಂದರೆ ಸಾಮಾನ್ಯವಾಗಿ ಹೋಲ್ಡೋವರ್. ಉಪಗ್ರಹ ಕೈಬಿಟ್ಟಿದೆ, ಪೆಟ್ಟಿಗೆ ತನ್ನ ಆಸಿಲೇಟರ್ ನಂಬಿಕೊಂಡು ಟೈಮ್ ಕೊಡುತ್ತಿದೆ. ಆ ಆಸಿಲೇಟರ್ ರುಬಿಡಿಯಂನದ್ದಾದರೆ ಬಹಳ ಹೊತ್ತು ತಡೆಯುತ್ತದೆ. ಸಾದಾ ಕ್ವಾರ್ಟ್ಜ್ ಇದ್ದರೆ ಬೇಗ ಜಾರುತ್ತದೆ. ಆಫೀಸಿನ ಕಂಪ್ಯೂಟರಿಗೆ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಟೈಮ್ ಕೊಡುವ ವಿಧಾನ) ಉತ್ತರ ಬರುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಮ್ಮ 50 ಹರ್ಟ್ಸ್ ಗ್ರಿಡ್‌ನಲ್ಲಿ ಒಂದು ಡಿಗ್ರಿ ಫೇಸ್ (ಅಲೆಯ ಒಂದು ಸುತ್ತಿನ 360ರಲ್ಲಿ ಒಂದು ಪಾಲು) ಅಂದರೆ ಸುಮಾರು 55 ಮೈಕ್ರೊಸೆಕೆಂಡ್. ಗ್ರಿಡ್ಡಿನ ವೋಲ್ಟೇಜ್, ಕರೆಂಟಿನ ಫೇಸ್ ಅಳೆಯುವ ಪಿಎಂಯು ಯಂತ್ರಕ್ಕೆ ಅಷ್ಟು ತಪ್ಪು ತುಂಬಾ ಜಾಸ್ತಿ.

ಇನ್ನೊಂದು ವಿಷಯ. ಹೊಸದಾಗಿ ಆನ್ ಮಾಡಿದ ತಕ್ಷಣ ಲಾಕ್ ಬಂತು ಅಂತ ಹೊರಡಬೇಡಿ. ಜಿಪಿಎಸ್ ಟೈಮ್ 2017ರಿಂದ ಜಗತ್ತಿನ ಅಧಿಕೃತ ಸಮಯವಾದ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಆ ವ್ಯತ್ಯಾಸದ ಮಾಹಿತಿಯೂ ಉಪಗ್ರಹದಿಂದಲೇ ಬರಬೇಕು. ಸಂದೇಶ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು, ಅಲ್ಲಿವರೆಗೆ ಪೆಟ್ಟಿಗೆ ತೋರಿಸುವ ಟೈಮ್ ತಪ್ಪಿರಬಹುದು.

ಹಳದಿ ಬಂದರೆ ಪೆಟ್ಟಿಗೆಯನ್ನು ಬೈಯುವ ಮೊದಲು ಹಿಂದುಗಡೆ ನೋಡಿ. ನನ್ನ ಅನುಭವದಲ್ಲಿ ತೊಂದರೆ ಹೆಚ್ಚಾಗಿ ಆಂಟೆನಾ ಕನೆಕ್ಟರ್‌ನದೇ. ಛಾವಣಿಯ ಆಂಟೆನಾದಿಂದ ಬರುವ ಕೋಆಕ್ಸ್ ಕೇಬಲ್‌ನಲ್ಲಿ ಸಿಗ್ನಲ್ ಕೆಳಗೆ ಬರುತ್ತದೆ, ಆಂಟೆನಾದೊಳಗಿನ ಆಂಪ್ಲಿಫೈಯರ್‌ಗೆ ಬೇಕಾದ ಡಿಸಿ, ಸಾಮಾನ್ಯವಾಗಿ 5 ವೋಲ್ಟ್, ಅದರಲ್ಲೇ ಮೇಲೆ ಹೋಗುತ್ತದೆ. ಪೆಟ್ಟಿಗೆ ಆ ಕರೆಂಟನ್ನು ಅಳೆಯುತ್ತದೆ. ಕರೆಂಟೇ ಹರಿಯದಿದ್ದರೆ 'ಓಪನ್', ವಿಪರೀತ ಹರಿದರೆ 'ಶಾರ್ಟ್' ಅಂತ ತೋರಿಸುತ್ತದೆ. ನಡುವೆ ಸಿಗ್ನಲ್ ಹಂಚುವ, ಆದರೆ ಡಿಸಿ ತಡೆಯುವ ಸ್ಪ್ಲಿಟರ್ ಇದ್ದರೆ, ಸಿಗ್ನಲ್ ಚೆನ್ನಾಗಿದ್ದರೂ 'ಓಪನ್' ಅನ್ನಬಹುದು. ಕರೆಂಟ್ ಸರಿ ಇದೆ ಅಂದ ಮಾತ್ರಕ್ಕೆ ಸಿಗ್ನಲ್ ಸರಿ ಇದೆ ಅಂತಲೂ ಅಲ್ಲ. ಕನೆಕ್ಟರ್ ಒಳಗೆ ನೀರು ಇಳಿದು ಸಿಗ್ನಲ್ ಸೊರಗಿರಬಹುದು. ಪಾವಗಡದಲ್ಲಿ ಮಳೆ ಕಡಿಮೆ ಅಂತ ಛಾವಣಿಯ ಜಾಯಿಂಟ್‌ಗೆ ಟೇಪ್ ಸುತ್ತದೆ ಬಿಡುತ್ತಾರೆ. ಒಂದು ಜೋರು ಮಳೆ ಸಾಕು. ಸುಮ್ನೆ ಇನ್ಸುಲೇಷನ್ ಟೇಪ್ ಸುತ್ತಿದರೆ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ.

ಟೈಮ್ ಹೊರಗೆ ಕೊಡುವ ಉಳಿದ ಬಿಎನ್‌ಸಿ ಸಾಕೆಟ್‌ಗಳ ಕಥೆ ಬೇರೆ. 10 ಮೆಗಾಹರ್ಟ್ಸ್, ಪಿಪಿಎಸ್, ಐರಿಗ್-ಬಿ (ಟೈಮ್ ಹೊತ್ತು ತರುವ ಸಂಕೇತ) ಮೂರಕ್ಕೂ ಸಾಕೆಟ್ ಒಂದೇ ಥರ. ಕಾಲು ಸುತ್ತು ತಿರುಗಿಸಿದರೆ ಯಾವುದು ಯಾವುದಕ್ಕೆ ಬೇಕಾದರೂ ಕೂರುತ್ತದೆ. ಐರಿಗ್-ಬಿಯಲ್ಲೇ ಎರಡು ಬಗೆ: ಒಂದು ಕ್ಯಾರಿಯರ್ ಅಲೆಯ ಮೇಲೆ ಬರುವುದು, ಇನ್ನೊಂದು ನೇರ ಡಿಸಿ ಮಟ್ಟದ್ದು. ಬ್ರೇಕರ್ ಬೀಳಿಸುವ ರಿಲೇ ಕೇಳುವುದು ಒಂದನ್ನು, ನಾವು ಕೊಡುವುದು ಇನ್ನೊಂದನ್ನು ಆದರೆ ಎರಡೂ ಕಡೆ ಕನೆಕ್ಟರ್ ಬಿಗಿಯಾಗಿದ್ದೂ ರಿಲೇಗೆ ಟೈಮ್ ಸಿಗುವುದಿಲ್ಲ. ಪ್ಲಾಂಟ್ ಟ್ರಿಪ್ ಆದ ದಿನ ಯಾವ ಬ್ರೇಕರ್ ಮೊದಲು ಬಿತ್ತು ಅಂತ ಹುಡುಕುವಾಗಲೇ ಇದು ಬಯಲಾಗುವುದು. ಪ್ರತಿ ಕೇಬಲ್‌ಗೆ ಎರಡೂ ತುದಿಯಲ್ಲಿ ಟ್ಯಾಗ್ ಕಟ್ಟಿ.

ಮುಂದಿನ ಸಲ ಫೋನ್ ಮಾಡುವಾಗ ಮೂರು ವಿಷಯ ನೋಡಿಕೊಂಡು ಹೇಳಿ: ಲಾಕ್ ದೀಪದ ಬಣ್ಣ, ಎಷ್ಟು ಉಪಗ್ರಹ ಸಿಗುತ್ತಿವೆ, ಆಂಟೆನಾ ಸ್ಟೇಟಸ್ ಏನು ತೋರಿಸುತ್ತಿದೆ. ತುಮಕೂರಿನಿಂದ ಹೊರಡುವಾಗ ಯಾವ ಕನೆಕ್ಟರ್ ತರಬೇಕು ಅಂತ ನನಗೆ ಅಷ್ಟರಲ್ಲೇ ಗೊತ್ತಾಗುತ್ತದೆ.