ಕ್ಯೂರಿಯೊ ಬೇಯ ಬುಲ್ ಕೆಲ್ಪ್ ನೋಡಲು ಹೋಗುವವರಿಗೆ

ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪಕ್ಕೆ ಹೋದವರು ಸಾಮಾನ್ಯವಾಗಿ ಬೆಟ್ಟ, ಸರೋವರ ನೋಡಿಕೊಂಡು ವಾಪಸ್ ಬರುತ್ತಾರೆ. ನೀವು ಒಂದು ದಿನವನ್ನು ಕ್ಯಾಟ್ಲಿನ್ಸ್ ಕರಾವಳಿಗೂ ಇಡಿ. ಅಲ್ಲಿನ ಕ್ಯೂರಿಯೊ ಬೇಯ ಬಂಡೆಗಳ ಅಂಚಿನಲ್ಲಿ ಬುಲ್ ಕೆಲ್ಪ್ ಬೆಳೆಯುತ್ತದೆ. 10 ಮೀಟರ್ ತನಕ ಉದ್ದವಾಗಬಲ್ಲ ಕಂದು ಕಡಲಕಳೆ ಇದು. ನನಗೆ ಆ ದೇಶದಲ್ಲಿ ಅತಿ ಇಷ್ಟವಾದದ್ದು ಇದೇ.

ಇಳಿತದ ಸಮಯ ನೋಡಿಕೊಂಡೇ ಹೊರಡಿ. ಉಬ್ಬರದಲ್ಲಿ ಹೋದರೆ ಬಂಡೆಯೂ ಕಾಣುವುದಿಲ್ಲ, ಕೆಲ್ಪ್ ಕೂಡ ಅರೆಬರೆ. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ನೀವು ಹೋಗುವ ದಿನದ ಪಟ್ಟಿಯನ್ನೇ ನೋಡಿ. ಒಂದು ಗಂಟೆ ಮೊದಲೇ ತಲುಪಿದರೆ ನೀರು ಇಳಿಯುವುದನ್ನೂ ನೋಡಬಹುದು. ಬೆಳಗಿನ ಇಳಿತ ಸಿಕ್ಕರೆ ಅದನ್ನೇ ಆರಿಸಿ. ಸಂಜೆಯ ಹೊತ್ತು ಹಳದಿ ಕಣ್ಣಿನ ಪೆಂಗ್ವಿನ್‌ಗಳು ಕಡಲಿಂದ ಗೂಡಿಗೆ ಮರಳುತ್ತವೆ. ಬಹಳ ಅಪರೂಪದ ಹಕ್ಕಿಗಳು ಅವು. ದಾರಿಯಲ್ಲಿ ಮನುಷ್ಯರು ನಿಂತಿದ್ದರೆ ದಡ ಹತ್ತಲು ಹೆದರುತ್ತವೆ.

ಅಲೆ ಹಿಂದೆ ಸರಿದಾಗ ಕೆಲ್ಪ್‌ನ ಬುಡ ನೋಡಿ. ಅದಕ್ಕೆ ಬೇರಿಲ್ಲ, ಬಂಡೆಯನ್ನು ಕಚ್ಚಿ ಹಿಡಿಯುವ ದಪ್ಪ ಬಿಲ್ಲೆಯಿದೆ. ಆ ಹಿಡಿತ ಎಷ್ಟು ಗಟ್ಟಿಯೆಂದರೆ, ಕೆಲವೊಮ್ಮೆ ಕಲ್ಲೇ ಒಡೆದು ಕೆಲ್ಪ್ ಜೊತೆ ಹೊರಟುಬಿಡುತ್ತದೆ. ದಡಕ್ಕೆ ಬಿದ್ದ ತುಂಡು ಹರಿದಿದ್ದರೆ ಒಳಗೆ ಬಗ್ಗಿ ನೋಡಿ, ಜೇನುಗೂಡಿನಂಥ ಗಾಳಿಯ ಕೋಣೆಗಳು ಕಾಣುತ್ತವೆ. ಕಿತ್ತುಬಂದರೂ ಮುಳುಗದೆ ತೇಲುವುದು ಇದರಿಂದಲೇ. ಅಂಟಾರ್ಕ್ಟಿಕಾದ ದಡದಲ್ಲಿ ಸಿಕ್ಕ ಬುಲ್ ಕೆಲ್ಪ್ 20,000 ಕಿ.ಮೀ.ಗಿಂತ ಜಾಸ್ತಿ ತೇಲಿ ಬಂದಿತ್ತು ಎಂದು ವಿಜ್ಞಾನಿಗಳು 2018ರಲ್ಲಿ ತಿಳಿಸಿದರು. ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೋರಿ ಜನ ಇದೇ ಎಲೆಯನ್ನು ಒಳಗಿನಿಂದ ಸೀಳಿ ಚೀಲ ಮಾಡಿ, ಟೀಟಿ ಎಂಬ ಕಡಲಹಕ್ಕಿಯ ಮಾಂಸವನ್ನು ಕೆಡದಂತೆ ಇಡುತ್ತಾರೆ. ಆ ಚೀಲದ ಹೆಸರು ಪೋಹಾ.

ಹತ್ತಿರ ಹೋಗುವ ಆಸೆಗೆ ಕೆಲ್ಪ್ ಮೇಲೆ ಕಾಲಿಡಬೇಡಿ. ವಿಪರೀತ ಜಾರುತ್ತದೆ, ಗಿಡಕ್ಕೂ ಪೆಟ್ಟು. ಕೆಲ್ಪ್ ಬೆಳೆಯುವುದೇ ಅಲೆ ಜೋರಾಗಿ ಹೊಡೆಯುವ ಕಡೆ, ಹಾಗಾಗಿ ಕಡಲಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುವುದು ಬೇಡವೇ ಬೇಡ. ಹಿಡಿತವಿರುವ ಬೂಟು, ಗಾಳಿ ತಡೆಯುವ ಜಾಕೆಟ್ ಬೇಸಿಗೆಯಲ್ಲೂ ಬೇಕು. ಕಾಲಡಿಯ ಬಂಡೆಯಲ್ಲಿ ಕಾಣುವ ಮರದ ಬೊಡ್ಡೆಗಳು ಜುರಾಸಿಕ್ ಕಾಲದವು, ಕಲ್ಲಾಗಿವೆ. ಚೂರನ್ನೂ ಎತ್ತಿಕೊಳ್ಳಬೇಡಿ.

ಇನ್ವರ್‌ಕಾರ್ಗಿಲ್ ನಗರದ ಕಡೆಯಿಂದ ಕಾರಿನಲ್ಲಿ ಬರುವುದು ಸುಲಭ. ಪೆಟ್ರೋಲನ್ನು ಆ ನಗರದಲ್ಲೇ ತುಂಬಿಸಿಕೊಳ್ಳಿ.